ಅಪ್ಪ ನೀರಿಗಿಳಿದದ್ದು

ನಮ್ಮ ಕಾಲೊನಿಯ ಕೊನೆಗೆ, ಮೊದಲು ಸಿಮೆಂಟಿನ ಗೋದಾಮು ಇದ್ದ ಜಾಗದಲ್ಲಿ, ಈಗ ಆಟ ಮತ್ತು ವ್ಯಾಯಾಮದ ಕೇಂದ್ರವೊಂದಿದೆ. ಇಡೀ ಮನೆಗೆ ಸೇರಿ ಒಂದೇ ಕಾರ್ಡು ಮಾಡಿಕೊಡುತ್ತಾರೆ. ನಾವು ಸೇರಿ ವರ್ಷವಾದ ಮೇಲೆ ಅವರಿಂದ ಮೊಬೈಲಿಗೆ ಒಂದು ಮೆಸೇಜು ಬಂತು. ನಮ್ಮ ಕೇಂದ್ರ ಹೇಗಿದೆ ನಾಲ್ಕು ಸಾಲು ಬರೆಯಿರಿ, ಎಷ್ಟು ಸ್ಟಾರ್ ಕೊಡಬೇಕೆನಿಸುತ್ತದೋ ಅಷ್ಟು ಕೊಡಿ ಎಂದಿತ್ತು. ನಾನು ಕಲಬುರಗಿಯ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ರಕ್ತದಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದು ಸಹಿ ಹಾಕುವುದು ನನ್ನ ರೂಢಿ. ಇದನ್ನೂ ಹಾಗೇ ಬರೆದೆ.

ಈಜುಕೊಳದ ನೀರು ಸ್ವಚ್ಛ ಇದೆ. ಹೆಂಗಸರು ಬಟ್ಟೆ ಬದಲಿಸುವ ಕೋಣೆಯ ಎರಡನೇ ಬಾಗಿಲಿಗೆ ಚಿಲಕ ಬೀಳುವುದಿಲ್ಲ. ಬ್ಯಾಡ್ಮಿಂಟನ್ ಆಡುವ ಕಡೆ ಒಂದು ಮೂಲೆಯಲ್ಲಿ ನೆಲ ಜಾರುತ್ತದೆ. ಟ್ರೆಡ್‌ಮಿಲ್ ಐದಿವೆ, ಅದರಲ್ಲಿ ಮೂರು ಓಡುತ್ತವೆ. ಕ್ಯಾಂಟೀನಿನ ಚಹಾಕ್ಕೆ ಸಕ್ಕರೆ ಹೆಚ್ಚು. ನಡೆದಾಡುವ ದಾರಿಗೆ ಬೇವಿನ ನೆರಳಿದೆ, ಅಲ್ಲಿ ನಮ್ಮ ಅವ್ವ ಚಪ್ಪಲಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ನಡೆದರೂ ಯಾರೂ ಏನೂ ಅನ್ನುವುದಿಲ್ಲ. ಈಜು ಕಲಿಸುವ ಮೇಡಂ ತಾಳ್ಮೆಯವರು. ನಾಲ್ಕು ಸ್ಟಾರ್.

ಕಳಿಸಿದ ಮೇಲೆ ಇನ್ನೊಮ್ಮೆ ಓದಿದೆ. ಸುಳ್ಳೊಂದೂ ಇರಲಿಲ್ಲ. ಆದರೆ ಅಲ್ಲಿ ನಾನು ಕಂಡದ್ದು ಅದರಲ್ಲಿ ಇರಲಿಲ್ಲ.

ಕೇಂದ್ರಕ್ಕೆ ಸೇರಿದ್ದು ಮಗಳ ಸಲುವಾಗಿ. ಅವಳಿಗೆ ಒಂಬತ್ತು ವರ್ಷ. ನಮ್ಮೂರಿನ ಬೇಸಿಗೆಯಲ್ಲಿ ಮಧ್ಯಾಹ್ನ ನಳ ತಿರುವಿದರೆ ಚಹಾ ಮಾಡುವಷ್ಟು ಬಿಸಿ ನೀರು ಬರುತ್ತದೆ. ಅಂಥ ದಿನಗಳಲ್ಲಿ ಶಾಲೆಯ ಗೆಳತಿಯೊಬ್ಬಳು ಈಜು ಕಲಿಯುತ್ತಿದ್ದಾಳೆ ಎಂದು ಕೇಳಿಕೊಂಡು ಬಂದು ಇವಳೂ ಹಟ ಹಿಡಿದಳು. ನಾನು ಡ್ಯೂಟಿ ಮುಗಿಸಿ ಬರುವುದರೊಳಗೆ ಸಂಜೆಯ ಈಜಿನ ತಾಸು ಶುರುವಾಗಿರುತ್ತಿತ್ತು. ಆದ್ದರಿಂದ ಅವಳನ್ನು ಕರೆದೊಯ್ಯುವ ಕೆಲಸ ಅಪ್ಪನ ಪಾಲಿಗೆ ಬಂತು.

ಅಪ್ಪ ಕಪನೂರಿನ ಒಂದು ಬೇಳೆ ಗಿರಣಿಯಲ್ಲಿ ಮೂವತ್ತು ವರ್ಷ ದುಡಿದವನು. ಅರ್ಧ ಆಯುಷ್ಯ ಬೆನ್ನ ಮೇಲೆ ತೊಗರಿ ಚೀಲ ಹೊತ್ತ, ಉಳಿದರ್ಧ ತೂಕದ ಕಾಟಾದ ಹತ್ತಿರ ನಿಂತ. ಚೀಲ ಹೊರುವ ಕಾಲದಲ್ಲೂ ಮನೆಯಿಂದ ಹೊರಡುವಾಗ ಇಸ್ತ್ರಿ ಮಾಡಿದ ಬಿಳಿ ಅಂಗಿಯೇ ಬೇಕು. ಗಿರಣಿಯಲ್ಲಿ ಅದನ್ನು ಮೊಳೆಗೆ ಸಿಗಿಸಿ, ಹಳೆಯ ಬನಿಯನ್ನಿನಲ್ಲಿ ಕೆಲಸ ಮಾಡಿ, ಸಂಜೆ ಮೈ ತೊಳೆದುಕೊಂಡು ಮತ್ತೆ ಅದೇ ಅಂಗಿ ತೊಟ್ಟು ಬರುತ್ತಿದ್ದ. ಬುದ್ಧನ ಪಟ ಇರುವ ನಮ್ಮಂಥ ಮನೆಗಳಲ್ಲಿ ಒಗೆದ ಅಂಗಿ ಎಂದರೆ ಬರೀ ಬಟ್ಟೆಯಲ್ಲ ಎಂಬುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮನೆಯಲ್ಲಿ ಕೂಡ ನಮ್ಮೆದುರು ಅಪ್ಪ ಅಂಗಿ ಬಿಚ್ಚಿ ಕೂತದ್ದನ್ನು ನಾನು ಕಂಡಿಲ್ಲ.

ಆ ಅಂಗಿಯಲ್ಲೇ ಅವನು ಈಜುಕೊಳದ ಪಕ್ಕದ ಕಲ್ಲಿನ ಕಟ್ಟೆಯ ಮೇಲೆ, ಮೊಮ್ಮಗಳ ಟವೆಲ್ಲು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದ. ಡ್ಯೂಟಿ ಮುಗಿಸಿ ನಾನು ನೇರ ಅಲ್ಲಿಗೇ ಹೋಗುತ್ತಿದ್ದೆ. ತಗಡಿನ ಚಾವಣಿಯ ಕೆಳಗೆ ಅಷ್ಟುದ್ದ ನೀಲಿ ನೀರು. ಮೊದಲ ಸಲ ಕಂಡಾಗ ನಾನೂ ಬಾಗಿಲಲ್ಲೇ ನಿಂತುಬಿಟ್ಟಿದ್ದೆ. ಬೇಸಿಗೆ ಬಂದರೆ ಟ್ಯಾಂಕರಿನ ಹಿಂದೆ ಕೊಡ ಹಿಡಿದು ಓಡಿದ ಊರಿದು. ಇಲ್ಲಿ ಇಷ್ಟು ನೀರು ಸುಮ್ಮನೆ, ಆಡುವುದಕ್ಕೆ ಅಂತಲೇ ನಿಂತಿದೆ. ಅಪ್ಪ ಆ ನೀರನ್ನು ಎವೆಯಿಕ್ಕದೆ ನೋಡುತ್ತಿದ್ದ. ಆದರೆ ಒಂದು ದಿನವೂ ಅಂಚಿಗೆ ಹೋಗಿ ಕೈ ಅದ್ದಲಿಲ್ಲ.

ಒಂದು ಸಂಜೆ ಮಗಳು ನೀರಿನಿಂದಲೇ ಕೇಳಿದಳು. "ಮುತ್ಯಾ, ನೀ ಯಾಕ ಇಳಿಯಂಗಿಲ್ಲ?"

ತನಗೆ ಈಜು ಬರುವುದಿಲ್ಲ ಎಂದು ಅಪ್ಪ ಹೇಳಿದ. ಅವಳು ನಂಬಲಿಲ್ಲ. ಹಳ್ಳಿಯವರಿಗೆಲ್ಲ ಈಜು ಬರುತ್ತದೆ ಎಂದು ಶಾಲೆಯಲ್ಲಿ ಟೀಚರ್ ಹೇಳಿದ್ದರಂತೆ. ನಿಮ್ಮೂರಲ್ಲಿ ಬಾವಿ ಇರಲಿಲ್ಲವೇ ಎಂದು ಕೇಳಿದಳು.

"ಬಾವಿ ಇತ್ತವ್ವ, ದೊಡ್ಡದಿತ್ತು. ನಮ್ಮ ಮಂದಿ ಅದ್ರಾಗ ಇಳಿಯೂ ಹಂಗ ಇರ್ಲಿಲ್ಲ" ಎಂದ ಅಪ್ಪ. ಬಸ್ಸು ತಪ್ಪಿತು ಎನ್ನುವಷ್ಟೇ ಸಲೀಸಾಗಿ ಎಂದ.

ಅಪ್ಪನ ಹುಟ್ಟೂರು ಕಮಲಾಪುರದ ಕಡೆಯ ಒಂದು ಸಣ್ಣ ಹಳ್ಳಿ. ಅಲ್ಲಿಯ ಕಥೆಗಳನ್ನು ಕೇಳಿಯೇ ನಾನು ಬೆಳೆದದ್ದು. ನೀರು ಮೇಲಿನಿಂದ ಹೊಯ್ಯುತ್ತಿದ್ದದ್ದು ಗೊತ್ತಿತ್ತು, ಚಹಾದ ಅಂಗಡಿಯಲ್ಲಿ ಬೇರೆ ಕಪ್ಪು ಇದ್ದದ್ದು ಗೊತ್ತಿತ್ತು. ಬಾವಿ ಮುಟ್ಟುವಂತಿಲ್ಲ ಅಂದರೆ ಒಬ್ಬ ಹುಡುಗ ಈಜು ಕಲಿಯುವಂತಿಲ್ಲ ಅಂತಲೂ ಆಗುತ್ತದೆ ಎಂಬ ಲೆಕ್ಕ ಮಾತ್ರ ನನಗೆ ನಲವತ್ತು ವರ್ಷ ಹೊಳೆದಿರಲಿಲ್ಲ.

ಈಜು ಕಲಿಸುವ ಮೇಡಂ ಅಲ್ಲೇ ನಿಂತಿದ್ದರು. ಕೇಳಿಸಿಕೊಂಡರೋ ಇಲ್ಲವೋ ತಿಳಿಯದು. ಮುಂಜಾನೆ ಆರಕ್ಕೆ ವಯಸ್ಸಾದವರ ತಾಸು ಇರುತ್ತದೆ, ಕಾರ್ಡಿನಲ್ಲಿ ಈ ಕಾಕಾನ ಹೆಸರೂ ಇದೆಯಲ್ಲ, ನಾಳೆ ಬರಲಿ ಎಂದು ನನಗೆ ಹೇಳಿದರು. ಅಪ್ಪ ನಕ್ಕು ತಲೆಯಾಡಿಸಿದ. ಮನೆಗೆ ಬಂದ ಮೇಲೆ ಅವ್ವನ ಹತ್ತಿರ ಮಾತ್ರ ಬಾಯಿ ಬಿಟ್ಟನಂತೆ. ಈ ವಯಸ್ಸಿನಲ್ಲಿ ಹತ್ತು ಮಂದಿ ಎದುರು ಅಂಗಿ ತೆಗೆಯುವುದು ತನ್ನಿಂದ ಆಗದು ಎಂದನಂತೆ.

ಅವ್ವ ಅದನ್ನು ಅಲ್ಲಿಗೇ ಬಿಡಲಿಲ್ಲ. ಮರುದಿನ ನನ್ನನ್ನು ಹೊರಡಿಸಿಕೊಂಡು ಜಗತ್ ಸರ್ಕಲ್ಲಿಗೆ ಹೋದಳು. ಮೂರು ಅಂಗಡಿ ಹತ್ತಿ ಇಳಿದ ಮೇಲೆ ಒಂದರಲ್ಲಿ ಈಜುವಾಗ ಹಾಕುವ ಅಂಗಿ ಸಿಕ್ಕಿತು, ಮೈಗಂಟಿ ಕೂರುವಂಥದ್ದು, ಮೊಣಕೈ ತನಕ ತೋಳಿನದು. ಅವ್ವ ಅದನ್ನು ಎಳೆದು, ಗೇಣು ಹಾಕಿ ಅಳೆದು, ಅಂಗಡಿಯವನಿಗೆ ಕೇಳಿದ್ದು ಒಂದೇ ಪ್ರಶ್ನೆ. ಬಿಳಿ ಬಣ್ಣದ್ದು ಇದೆಯೇ ಎಂದು. ಬಿಳಿ ಇರಲಿಲ್ಲ. ಕಡುನೀಲಿ ತಂದೆವು. ಅಪ್ಪ ಅದನ್ನು ಎರಡು ದಿನ ಕಪಾಟಿನಲ್ಲಿಟ್ಟ. ಮೂರನೇ ದಿನ ಐದೂವರೆಗೆ ಎದ್ದು ನನ್ನ ಕೋಣೆಯ ಬಾಗಿಲು ತಟ್ಟಿ, "ನೀನೂ ಬಾ" ಎಂದ.

ಕೊಳದ ಬಾಗಿಲಲ್ಲಿ ಒಂದು ಬೋರ್ಡು ಇದೆ. ನೀರಿಗಿಳಿಯುವ ಮೊದಲು ಎಲ್ಲರೂ ಕಡ್ಡಾಯವಾಗಿ ಸ್ನಾನ ಮಾಡಬೇಕು. ಅಪ್ಪ ಅದರ ಮುಂದೆ ನಿಂತು ಓದಿ, ಎಲ್ಲರೂ ಅಂದರೆ ಎಲ್ಲರೂ ಏನು ಎಂದು ಮೇಡಂ ಅವರನ್ನು ಕೇಳಿದ. ಹೌದು ಕಾಕಾ, ನಾನೂ ಮಾಡಿಯೇ ಬಂದೀನಿ ಎಂದರು ಅವರು. ಅಪ್ಪ ಸ್ನಾನದ ಕೋಣೆಗೆ ಹೋಗಿ ಬಹಳ ಹೊತ್ತು ನೀರು ಬಿಟ್ಟುಕೊಂಡ.

ಆ ತಾಸಿನಲ್ಲಿ ಆರೇಳು ಮಂದಿ ಇದ್ದರು. ಎದೆಮಟ್ಟದ ನೀರಿನಲ್ಲಿ, ಗೋಡೆಯ ಸರಳು ಹಿಡಿದು, ಅಪ್ಪನ ವಯಸ್ಸಿನವರೇ ಒಬ್ಬರು ನಿಂತಿದ್ದರು. ಕೊರಳಲ್ಲಿ ಲಿಂಗದ ಬೆಳ್ಳಿಯ ಕರಡಿಗೆ. ಬಟ್ಟೆ ಅಂಗಡಿಯವರು, ಡಾಕ್ಟರು ಹೇಳಿದ್ದಕ್ಕೆ ಮಂಡಿನೋವಿಗೆಂದು ಬಂದವರು ಎಂದು ಆಮೇಲೆ ತಿಳಿಯಿತು. ಅಪ್ಪ ಮೆಟ್ಟಿಲಿಳಿದು ಅವರಿಂದ ಎರಡು ಮಾರು ದೂರ ಹೋಗಿ ನಿಂತ. ಆ ದೂರ ಅವನ ಕಾಲಿಗೇ ಗೊತ್ತಿತ್ತು. ಮೇಡಂ ಸರಳು ಬಿಟ್ಟು ನಾಲ್ಕು ಹೆಜ್ಜೆ ನಡೆಯಿರಿ ಎಂದಾಗ ಅಂಗಡಿಯವರ ಮುಖ ಬಿಳಿಚಿತು. ಅವರು ಆ ಕಡೆ ಈ ಕಡೆ ನೋಡಿ, ಅಪ್ಪನ ಕಡೆ ಕೈ ಚಾಚಿದರು.

"ಅಣ್ಣಾರ, ಒಂಚೂರು ಕೈ ಹಿಡೀರಿ. ನಂಗ ಅಂಜಿಕಿ ಬರ್ತದ."

ಅಪ್ಪ ಹತ್ತಿರ ಬಂದು ಹಿಡಿದ. ಇಬ್ಬರೂ ಚಿಕ್ಕ ಮಕ್ಕಳ ಹಾಗೆ ಹೆಜ್ಜೆ ಇಟ್ಟು ಆ ಕಡೆಯ ಗೋಡೆಗೆ ಹೋಗಿ ಮುಟ್ಟಿದರು. ಅಂಗಡಿಯವರಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಮಂಡಿನೋವಿನ ಮಾತು ತೆಗೆದು, ಎಣ್ಣೆ ಯಾವುದು ಒಳ್ಳೆಯದು ಎಂದು ಅಪ್ಪನನ್ನು ಕೇಳುತ್ತಿದ್ದರು. ಕಟ್ಟೆಯ ಮೇಲೆ ಕೂತಿದ್ದ ನಾನು ಮಾತ್ರ ಆ ಎರಡು ಕೈಗಳನ್ನೇ ನೋಡುತ್ತಿದ್ದೆ.

ಇಳಿದದ್ದೇನೋ ಆಯಿತು, ಈಜು ಮಾತ್ರ ಬರಲಿಲ್ಲ. ಒಂದು ತಿಂಗಳು ಅಪ್ಪ ಮುಳುಗಿದ್ದೇ ಮುಳುಗಿದ್ದು. ಮೂಗಿಗೆ ನೀರು ಹೋಗಿ ಕೆಮ್ಮುತ್ತ ಎದ್ದು ನಿಲ್ಲುತ್ತಿದ್ದ. ಮೇಡಂಗೆ ಒಂದು ಸಂಗತಿ ಅರ್ಥವಾಗುತ್ತಿರಲಿಲ್ಲ. ಕಾಕಾನ ಕೈ ಬೀಸು ಚೆನ್ನಾಗಿದೆ, ಎಲ್ಲೋ ಕಲಿತ ಹಾಗಿದೆ, ಆದರೆ ಮೈಯೆಲ್ಲ ಕಲ್ಲಿನ ಹಾಗೆ ಬಿಗಿ ಹಿಡಿಯುತ್ತಾರೆ ಎನ್ನುತ್ತಿದ್ದರು. ಎಲ್ಲಿ ಕಲಿತಿರಿ ಎಂದರೆ ಅಪ್ಪ ಮತ್ತೆ ನೀರಿಗೆ ಮುಖ ಅದ್ದುತ್ತಿದ್ದ. ಒಂದು ದಿನ ಕೆಮ್ಮು ಜಾಸ್ತಿಯಾಗಿ, ಇನ್ನು ಸಾಕು ಎಂದು ಬಂದವನು ಮರುದಿನದಿಂದ ಹೋಗುವುದನ್ನೇ ಬಿಟ್ಟ.

ಅದೇ ವಾರ ನಾನು, ಅಪ್ಪ, ಮಗಳು ಬಸ್ಸಿನಲ್ಲಿ ಕಮಲಾಪುರಕ್ಕೆ ಹೋದೆವು. ಅಪ್ಪನ ಅಕ್ಕ, ಅಂದರೆ ನನ್ನ ಸೋದರತ್ತೆ, ಅಲ್ಲಿದ್ದಾಳೆ. ಬಾಳೆ ತೋಟಗಳಲ್ಲಿ ಗೊನೆ ಹೊತ್ತು ಹೊತ್ತು ಬೆನ್ನು ಬಾಗಿದೆ, ಬಾಯಿ ಮಾತ್ರ ಬಾಗಿಲ್ಲ. ನನ್ನ ಮಗಳಿಗೆ ಕೆಂಪು ಬಾಳೆಹಣ್ಣು ಸುಲಿದು ಕೊಡುತ್ತ ಕೂತಿದ್ದಳು. ಮುತ್ಯಾ ಈಜು ಕಲಿಯುತ್ತಿದ್ದಾನೆ, ಆದರೆ ದಿನಾ ಮುಳುಗುತ್ತಾನೆ ಎಂದು ಮಗಳು ಚಾಡಿ ಹೇಳಿದಳು. ಅತ್ತೆ ನಗುತ್ತಾಳೆ ಅಂದುಕೊಂಡಿದ್ದೆ. ಅವಳು ನಗಲಿಲ್ಲ. ಹಣ್ಣು ಕೆಳಗಿಟ್ಟು ತಮ್ಮನ ಮುಖವನ್ನೇ ನೋಡಿದಳು.

"ನೀರಿಗಿ ಇಳದೇನೋ ತಮ್ಮಾ?" ಎಂದಳು.

ಅಪ್ಪ ಹೂಂ ಅಂದ. ಆಗ ಅವಳು ನನ್ನ ಕಡೆ ತಿರುಗಿದಳು. "ಇವ ಎಂಟು ವರ್ಷದಾಂವ ಇದ್ದಾಗ ಹಳ್ಳದ ಉಸುಕಿನ್ಯಾಗ ಈಜತಿದ್ದ ಯವ್ವಾ. ಬ್ಯಾಸಗ್ಯಾಗ ಹಳ್ಳದಾಗ ಹನಿ ನೀರು ಇರ್ತಿರ್ಲಿಲ್ಲ. ಆ ಹುಡುಗೂರು ಬಾವ್ಯಾಗ ಹ್ಯಾಂಗ ಕೈ ಬಡೀತಾರ ಅಂತ ದೂರ ಬದುವಿನ ಮ್ಯಾಲ ನಿಂತು ನೋಡ್ತಿದ್ದ. ನೋಡಿ ಬಂದು, ಒಣಾ ಉಸುಕಿನ್ಯಾಗ ಬೋರಲ ಬಿದ್ದು ಹಂಗ ಕೈಕಾಲು ಬಡೀತಿದ್ದ. ಎದಿ ತರಚಿ ರಕ್ತ ಬರೂ ತನಕ ಬಡೀತಿದ್ದ. ನಾ ಅರಿಶಿಣ ಹಚ್ಚತಿದ್ದೆ."

ಅದೆಲ್ಲ ಈಗ ಯಾಕೆ ಎಂದು ಅಪ್ಪ ಹೊರಗೆ ಎದ್ದು ಹೋದ. ನಾನು ಕೂತಲ್ಲೇ ಕೂತಿದ್ದೆ. ಸುಡುವ ಉಸುಕಿನ ಮೇಲೆ ಒಬ್ಬ ಎಂಟು ವರ್ಷದ ಹುಡುಗ, ನೀರಿದೆ ಎಂದುಕೊಂಡು ಕೈ ಬೀಸುವುದು ನನ್ನ ಕಣ್ಣಿಗೆ ಕಟ್ಟಿತ್ತು. ಅವನನ್ನೇ ನಾನು ಇಷ್ಟು ವರ್ಷ ಅಪ್ಪಾ ಎಂದು ಕರೆಯುತ್ತಿದ್ದೆನೇ? ನನಗೆ ದುಃಖವಾಯಿತು ಎಂದರೆ ಪೂರ್ತಿ ಸರಿಯಾಗುವುದಿಲ್ಲ. ಅದಕ್ಕಿಂತ ಹೆಚ್ಚಾಗಿ ಒಂದು ಬೆರಗು ಹಿಡಿಯಿತು. ಯಾರೂ ಕೊಡದ ನೀರನ್ನು ತಾನೇ ಮಾಡಿಕೊಂಡು ಈಜಿದವನು. ದೊಡ್ಡ ಬೆಟ್ಟದ ಬುಡದಲ್ಲಿ ನಿಂತಾಗ ಕುತ್ತಿಗೆ ತಾನಾಗಿ ಮೇಲಕ್ಕೆ ಹೋಗುವ ಹಾಗೆ ನನಗೆ ಆಯಿತು.

ಸಂಜೆ ಮರಳಿ ಬಸ್ಸು ಹತ್ತಿದೆವು. ಊರು ಹತ್ತಿರವಾದಾಗ ಅಪ್ಪನೇ, ನಾಳೆ ಮುಂಜಾನೆ ಹೋಗೋಣವೇ ಎಂದು ಕೇಳಿದ.

ಆ ಮುಂಜಾನೆ ಅಪ್ಪ ಮೇಡಂಗೆ ತಾನು ಎಲ್ಲಿ ಕಲಿತದ್ದು ಎಂಬುದನ್ನು ತಾನಾಗಿ ಹೇಳಿದ. ಹೆಚ್ಚು ಹೇಳಲಿಲ್ಲ, ಉಸುಕಿನಲ್ಲಿ ಎಂದಷ್ಟೇ ಹೇಳಿದ. ಅವರು ಅಪ್ಪನ ಪಕ್ಕಕ್ಕೆ ಬಂದು ನಿಂತರು. ಉಸುಕಿನಲ್ಲಿ ಕೈಕಾಲು ಆಡಿಸಬಹುದು, ತೇಲುವುದು ಆಗುವುದಿಲ್ಲ, ಇವತ್ತು ಕೈ ಬಡಿಯುವುದೇ ಬೇಡ ಎಂದರು. ಅಂಗಾತ ಮಲಗಿರಿ, ತಲೆಯ ಕೆಳಗೆ ನನ್ನ ಕೈ ಇರುತ್ತದೆ, ಭಾರವನ್ನೆಲ್ಲ ನೀರಿಗೆ ಬಿಡಿರಿ ಎಂದರು.

"ಭಾರ ಹೊರೂದು ಗೊತ್ತದರೀ. ಬಿಡೂದು ಗೊತ್ತಿಲ್ಲ" ಎಂದ ಅಪ್ಪ.

ನಾಲ್ಕು ಸಲ ಕಾಲು ಕೆಳಗೆ ಹೋಯಿತು. ಐದನೇ ಸಲ ಅವನು ಕಣ್ಣು ಮುಚ್ಚಿದ. ಬಟ್ಟೆ ಅಂಗಡಿಯವರು ಸರಳು ಹಿಡಿದುಕೊಂಡೇ ನೋಡುತ್ತಿದ್ದರು. ಮೊದಲು ಭುಜ ಸಡಿಲವಾಯಿತು, ಆಮೇಲೆ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. ಹೊಟ್ಟೆ ಮೇಲೆ ಬಂತು, ಕಾಲ ಹೆಬ್ಬೆರಳುಗಳು ಮೇಲೆ ಬಂದವು. ಮೇಡಂ ತಮ್ಮ ಕೈ ತೆಗೆದು ನಮ್ಮ ಕಡೆ ಎತ್ತಿ ತೋರಿಸಿದರು. ಅಪ್ಪನಿಗೆ ಅದು ಗೊತ್ತಿಲ್ಲ. ಎರಡೂ ತೋಳು ಅಗಲಿಸಿ, ಯಾವುದಕ್ಕೂ ತಾಗದೆ, ನೀಲಿ ನೀರಿನ ಮೇಲೆ ಮಲಗಿದ್ದ. ತಗಡಿನ ಸಂದಿನಿಂದ ಬಂದ ಬಿಸಿಲು ಅವನ ಹಣೆಯ ಮೇಲೆ ಅಲುಗಾಡುತ್ತಿತ್ತು. ಕ್ವಿಂಟಲ್ ಚೀಲ ಹೊತ್ತ ಮೈ ಅಷ್ಟು ಹಗುರ ಆಗಬಲ್ಲದು ಎಂದು ನನಗೆ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಗುಡಿಯಲ್ಲೂ ವಿಹಾರದಲ್ಲೂ ಅಂಥ ನಿಶ್ಶಬ್ದ ನಾನು ಕೇಳಿಲ್ಲ.

ಅದಾದ ಮೇಲೆ ಉಳಿದದ್ದು ತಾನಾಗಿ ಬಂತು. ಕೈ ಬೀಸು ಮೊದಲೇ ಇತ್ತಲ್ಲ. ಮಳೆಗಾಲ ಹಿಡಿಯುವ ಹೊತ್ತಿಗೆ ಅಪ್ಪ ಕೊಳದ ಅಡ್ಡಗಲವನ್ನು ದಾಟುತ್ತಿದ್ದ, ನಡುವೆ ಒಮ್ಮೆ ಕಾಲೂರಿ. ಈಗ ಕಾಲೂರುವುದಿಲ್ಲ. ಅಂಗಡಿಯವರು ಸರಳು ಬಿಟ್ಟಿದ್ದಾರೆ, ಆದರೆ ಅಪ್ಪ ಬರದ ದಿನ ಮೇಡಂ ಎಷ್ಟು ಹೇಳಿದರೂ ನೀರಿಗಿಳಿಯುವುದಿಲ್ಲವಂತೆ. ಅವ್ವ ಹೆಂಗಸರ ತಾಸು ಎಷ್ಟಕ್ಕೆ ಎಂದು ವಿಚಾರಿಸಿಕೊಂಡು ಬಂದಿದ್ದಾಳೆ. ತಾನು ಇಳಿಯುತ್ತೇನೆ ಎಂದಿಲ್ಲ, ವಿಚಾರಿಸಿದ್ದಾಳೆ ಅಷ್ಟೇ.

ಮೊನ್ನೆ ಮುಂಜಾನೆ ಅಪ್ಪ ಈಜು ಮುಗಿಸಿ, ಬಿಳಿ ಅಂಗಿ ತೊಟ್ಟು, ಗೇಟಿನ ಹತ್ತಿರ ಒಂಟಿ ಕಾಲಲ್ಲಿ ಕುಪ್ಪಳಿಸಿ ಕಿವಿಯೊಳಗಿನ ನೀರು ತೆಗೆಯುತ್ತಿದ್ದ. ನೀರಿನಲ್ಲಿ ಮಲಗಿದಾಗ ಏನನ್ನಿಸುತ್ತದೆ ಎಂದು ಕೇಳಿದೆ. ಅವನು ಇನ್ನೊಂದು ಕಿವಿ ಬಾಗಿಸಿ, ಸ್ವಲ್ಪ ಯೋಚಿಸಿ ಹೇಳಿದ.

"ಕಿವಿ ಮುಳಗಿದಾಗ ಹೊರಗಿಂದು ಏನೂ ಕೇಳ್ಸೂದಿಲ್ಲ ನೋಡವ್ವ. ಬರೇ ನಂದ ಉಸಿರು ಕೇಳ್ತದ."

ಆಮೇಲೆ ಮೊಮ್ಮಗಳ ಶಾಲೆಗೆ ಹೊತ್ತಾಯಿತು ಎಂದು ನನಗಿಂತ ಮುಂದೆ ನಡೆದ.