ನಾನು ಕಟ್ಟಿ ಕಳೆದುಕೊಂಡ ಊರುಗಳು

ನಾನು ಈವರೆಗೆ ಕಟ್ಟಿದ ಊರುಗಳಲ್ಲಿ ಒಂದೂ ಉಳಿದಿಲ್ಲ. ಹೀಗೆಂದ ಕೂಡಲೇ ನನ್ನನ್ನು ಪಾಳೇಗಾರರ ವಂಶದವನೆಂದೋ, ಬಡಾವಣೆ ಮಾಡಲು ಹೋಗಿ ಮುಳುಗಿದ ಕಂಟ್ರಾಕ್ಟರನೆಂದೋ ತಿಳಿಯಬೇಡಿ. ತಾಂಡ್ಯದ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ನಟ್ಟು ಬೋಲ್ಟು ಎಣಿಸಿ ಕೊಡುತ್ತಿದ್ದವನು ನಾನು. ಊರು ಕಟ್ಟುತ್ತಿದ್ದುದು ಭಾನುವಾರಗಳಲ್ಲಿ, ನಂಜನಗೂಡು ಬಸ್ ಸ್ಟ್ಯಾಂಡಿನ ಎದುರಿಗಿದ್ದ ಕಂಪ್ಯೂಟರ್ ಸೆಂಟರಿನಲ್ಲಿ. ಹೊಸ ಶತಮಾನ ಆಗಷ್ಟೇ ಕಣ್ಣು ಬಿಟ್ಟಿತ್ತು. ಅದನ್ನು ಸ್ವಾಗತಿಸಲು ನಾವು ಕೆಲವರು ಗಂಡಸರು ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಕೂತು ಹಳೇ ಕಾಲದ ಯುದ್ಧಗಳನ್ನು ಮಾಡುತ್ತಿದ್ದೆವು.

ಆಟ ಗೊತ್ತಿಲ್ಲದವರಿಗೆ ಒಂದು ಮಾತು. ಶುರುವಿನಲ್ಲಿ ಪರದೆಯ ಮೇಲೆ ನಿಮಗೊಂದು ಚಾವಡಿ, ಬೆರಳೆಣಿಕೆಯ ಆಳುಗಳು. ಅವರು ಮರ ಕಡಿಯುತ್ತಾರೆ, ಹೊಲ ಉಳುತ್ತಾರೆ, ಕಣಜಕ್ಕೆ ಧಾನ್ಯ ಬೀಳುತ್ತದೆ. ಆ ಧಾನ್ಯದಲ್ಲಿ ಇನ್ನೊಬ್ಬ ರೈತನನ್ನು ಮಾಡಬಹುದು, ಇಲ್ಲವೇ ಒಬ್ಬ ಸೈನಿಕನನ್ನು. ರೈತರನ್ನೇ ಮಾಡುತ್ತಾ ಹೋದರೆ ಊರು ಸೊಂಪಾಗಿ ಬೆಳೆಯುತ್ತದೆ, ಪಕ್ಕದವನು ಬಂದು ಸುಟ್ಟು ಹೋಗುತ್ತಾನೆ. ಸೈನಿಕರನ್ನೇ ಮಾಡಿದರೆ ಕಣಜ ಬರಿದಾಗಿ, ಕಾಯಲು ಏನೂ ಇಲ್ಲದ ಬಯಲನ್ನು ಕಾಯುತ್ತಾ ಅವರು ನಿಂತಿರುತ್ತಾರೆ. ಎರಡನ್ನೂ ತೂಗಿಸಿಕೊಂಡು ಹೋಗುವವನು ಗೆಲ್ಲುತ್ತಾನೆ. ಈ ಸತ್ಯ ನಮಗೆಲ್ಲ ಬಾಯಿಪಾಠವಾಗಿತ್ತು. ಪಾಲಿಸುವ ಗೋಜಿಗೆ ಮಾತ್ರ ಯಾರೂ ಹೋಗುತ್ತಿರಲಿಲ್ಲ.

ನನ್ನದು ಸೈನ್ಯದ ಪಕ್ಷ. ಹೊಲಕ್ಕೆ ನೇಗಿಲು ಇಳಿಯುವ ಮೊದಲೇ ದಂಡು ಎಬ್ಬಿಸುತ್ತಿದ್ದೆ. ಅದಕ್ಕೆ ಕಾರಣ ಶೌರ್ಯವಲ್ಲ, ಪುಕ್ಕಲುತನ. ಪಕ್ಕದ ಕುರ್ಚಿಯಲ್ಲಿ ಗೆಳೆಯ ಶಿವಮಲ್ಲು ಸುಮ್ಮನೆ ಕೆಮ್ಮಿದರೂ ದಾಳಿ ಹೊರಟಿತೆಂದೇ ನನಗನ್ನಿಸುತ್ತಿತ್ತು. "ಲೇ, ಇಷ್ಟ್ ಜನಕ್ಕೆ ಉಣ್ಣಕ್ ಇಕ್ಕೋರು ಯಾರ್ಲಾ?" ಎಂದು ಅವನು ವಾರವಾರವೂ ಕೇಳುತ್ತಿದ್ದ. ನನ್ನವರು ಹಸಿದು ನಿಂತ ಹೊತ್ತು ನೋಡಿ ಬಂದು ಮುಗಿಸಿ ಹೋಗುತ್ತಿದ್ದ.

ಇದು ನನ್ನೊಬ್ಬನ ರೋಗವಲ್ಲ, ನಮ್ಮ ಸೀಮೆಯದೇ. ಯಾವುದಾದರೂ ಮದುವೆಗೆ ಹೋಗಿ ನೋಡಿ. ಬಾಗಿಲಲ್ಲಿ ಸ್ವಾಗತಕ್ಕೆಂದು ಗರಿಗರಿ ಬಿಳಿ ಅಂಗಿ ತೊಟ್ಟ ಒಂದು ತುಕಡಿಯೇ ಕೈಮುಗಿದು ನಿಂತಿರುತ್ತದೆ. ಒಳಗೆ ಪಂಕ್ತಿಯಲ್ಲಿ ಸಾರಿನ ಬಕೆಟ್ಟು ಹಿಡಿದವನು ಒಬ್ಬನೇ. ನಮ್ಮ ಬೀದಿಯ ಸಂಘಕ್ಕೆ ಅಧ್ಯಕ್ಷರು, ಉಪಾಧ್ಯಕ್ಷರು, ಗೌರವಾಧ್ಯಕ್ಷರು ಎಲ್ಲ ಇದ್ದರು. ಚರಂಡಿ ಕಟ್ಟಿಕೊಂಡಾಗ ಗುದ್ದಲಿ ಹಿಡಿಯಲು ಸದಸ್ಯರೇ ಇರಲಿಲ್ಲ. ಹಿಂದಿನವರೂ ಏನು ಕಡಿಮೆಯಲ್ಲ. ನಮ್ಮ ಸುತ್ತಿನ ಹಳ್ಳಿಗಳ ಬೇಲಿ ಬದಿಯಲ್ಲಿ ಹುಡುಕಿದರೆ ಹಸು ಬಿಡಿಸಿಕೊಳ್ಳಲು ಹೋಗಿ ಸತ್ತವನಿಗೊಂದು ವೀರಗಲ್ಲು ಸಿಗುತ್ತದೆ, ಕೆರೆ ಕಟ್ಟಿಸಿದ ಪುಣ್ಯಾತ್ಮನಿಗೊಂದು ಶಾಸನ ಸಿಗುತ್ತದೆ. ಕೆರೆಯನ್ನೂ ಕಟ್ಟಿಸಿ, ಹಸುವನ್ನೂ ಕಾಪಾಡಿ, ಸಾಯದೆ ಮನೆಗೆ ಬಂದು ಮುದ್ದೆ ಉಂಡು ಮಲಗಿದವನಿಗೆ ಮಾತ್ರ ಒಂದು ಕಲ್ಲೂ ಇಲ್ಲ. ಅಂಥವನೊಬ್ಬ ಇದ್ದನೆಂದು ನಾವು ನಂಬುವುದಾದರೂ ಹೇಗೆ?

ಇಷ್ಟೆಲ್ಲ ಪೀಠಿಕೆ ನನ್ನ ಮದುವೆಯ ವಿಚಾರಕ್ಕೆ. ನಮ್ಮ ಕಡೆ ಜಾತಕ ನೋಡುವುದು ಶಾಸ್ತ್ರಕ್ಕೆ; ನಿಜವಾದ ಪರೀಕ್ಷೆ ಬೇರೆಯೇ ಇದೆ. ಹೆಣ್ಣಿನ ಕಡೆಯವರೊಬ್ಬರು ಯಾರಿಗೂ ಹೇಳದೆ ಹುಡುಗನ ಊರಿಗೆ ಬಂದು, ಕ್ಷೌರದಂಗಡಿ, ಕಾಫಿ ಹೋಟೆಲು, ಕಾರ್ಖಾನೆಯ ಗೇಟು ಎಲ್ಲ ಸುತ್ತಿ ವಿಚಾರಿಸಿಕೊಂಡು ಹೋಗುತ್ತಾರೆ. ಈ ಗೂಢಚಾರರ ದೆಸೆಯಿಂದ ನನಗೆ ಬಂದಿದ್ದ ಸಂಬಂಧಗಳೆಲ್ಲ ತಪ್ಪಿಹೋಗಿದ್ದವು. "ಹುಡ್ಗ ಕೆಲ್ಸ ಬಿಟ್ರೆ ಕಂಪ್ಯೂಟ್ರು ಅಂಗ್ಡೀಲೆ ಬಿದ್ದಿರ್ತಾನಂತೆ" ಎನ್ನುವುದೇ ಎಲ್ಲರ ವರದಿ. ಆಗೆಲ್ಲ ನಾನು ಅಷ್ಟೇನೂ ನೊಂದಿರಲಿಲ್ಲ. ಆದರೆ ಈ ಸಲ ಮಾತು ನಡೆದಿದ್ದುದು ಸೋಸಲೆಯ ರೇವತಿಯದು. ಅವಳ ಊರಿನ ಪಕ್ಕದ ಟಿ. ನರಸೀಪುರದ ಒಂದು ನಾಮಕರಣದಲ್ಲಿ ಅವಳನ್ನು ನೋಡಿದ್ದೆ. ಪಾಯಸ ಬಡಿಸುತ್ತಾ ಬಂದವಳು, ರಾಜಕೀಯ ಕೊರೆಯುತ್ತಿದ್ದ ದೊಡ್ಡ ಮನುಷ್ಯರೊಬ್ಬರಿಗೆ, "ಮೊದ್ಲು ಎಲೇಲಿರೋದ ಮುಗ್ಸಿ ಮಾವ, ಆಮೇಲ್ ದೇಶ ಆಳೀರಂತೆ" ಎಂದಿದ್ದಳು. ಆ ಗಳಿಗೆಯಿಂದ ನನಗೆ ಆ ಹುಡುಗಿಯೇ ಬೇಕಾಗಿತ್ತು. ಈ ಸಂಬಂಧವೂ ತಪ್ಪಿದರೆ ಏನು ಮಾಡುವುದೆಂದು ನಿಜಕ್ಕೂ ಹೆದರಿದ್ದೆ.

"ಈ ವಾರದಾಗೆ ಅವ್ರ ಕಡೆಯೋರು ವಿಚಾರ್ಸಕ್ ಬತ್ತಾರಂತೆ. ಆ ಹಾಳ್ ಅಂಗ್ಡಿ ಮೆಟ್ಲು ಹತ್ಬ್ಯಾಡ" ಎಂದು ಅವ್ವ ಎಚ್ಚರಿಸಿದ್ದಳು. ಭಾನುವಾರ ಮಧ್ಯಾಹ್ನದವರೆಗೆ ತಡೆದುಕೊಂಡೆ. ಆಮೇಲೆ ಕಾಲು ತಾನಾಗಿ ಅತ್ತ ನಡೆಯಿತು.

ಅಂದು ನಮಗೆ ಆಟಕ್ಕೆ ಒಬ್ಬರು ಕಮ್ಮಿಯಿದ್ದರು. ನರಸೀಪುರದವನೆಂದು ಹೇಳಿಕೊಂಡ ಒಬ್ಬ ಯುವಕ, "ಸಾ, ನಾನೂ ಸೇರ್ಕಳ್ಳಾ?" ಎಂದು ಬಂದು ಆಚೆಯ ಕುರ್ಚಿ ಹಿಡಿದ. ಆಟ ಶುರುವಾದ ಸ್ವಲ್ಪ ಹೊತ್ತಿಗೆ ಬಿಳಿ ಪಂಚೆ ಉಟ್ಟು ಹೆಗಲ ಮೇಲೆ ಟವೆಲು ಹೊದ್ದ ಹಿರಿಯರೊಬ್ಬರು ಬಂದು ನನ್ನ ಬೆನ್ನ ಹಿಂದಿನ ಬೆಂಚಿನ ಮೇಲೆ ಕೂತರು. ಅವರಿಗೆ ಜೆರಾಕ್ಸ್ ಬೇಕಿರಲಿಲ್ಲ, ಟೈಪಿಂಗ್ ಬೇಕಿರಲಿಲ್ಲ. ಸುಮ್ಮನೆ ಕೂತು ನನ್ನನ್ನೇ ನೋಡತೊಡಗಿದರು. ಸೋಸಲೆಯಿಂದ ಬಂದಿರುವುದು ಇವರೇ!

ಎದ್ದು ಓಡಿದರೆ ಕಳ್ಳನಾಗುತ್ತೇನೆ. ಆಡಿಯೇ ಸಂಭಾವಿತನೆನಿಸಿಕೊಳ್ಳಬೇಕು. ಹೆಣ್ಣು ಕೊಡುವವರ ಮುಂದೆ ಕತ್ತಿ, ಕೊಡಲಿ ಹಿಡಿದರೆ ಚೆನ್ನಾಗಿರುತ್ತದೆಯೇ? ಜೀವನದಲ್ಲೇ ಮೊದಲ ಬಾರಿಗೆ ಒಬ್ಬ ಸೈನಿಕನನ್ನೂ ಮಾಡದೆ ಸಂಸಾರಸ್ಥನ ಊರೊಂದನ್ನು ಕಟ್ಟತೊಡಗಿದೆ. ಹೊಲ, ಸಂತೆ, ಸಾಲು ಮನೆ, ಮಧ್ಯದಲ್ಲಿ ಹಿರಿಯರಿಗೆ ಕಾಣುವ ಹಾಗೆ ಒಂದು ಗುಡಿ.

"ಗದ್ದೆಗೆ ನೀರ್ ಎಲ್ಲಿಂದ ಬತ್ತದಪ್ಪ?" ಎಂದು ಹಿಂದಿನಿಂದ ಪ್ರಶ್ನೆ ಬಂತು.

"ನೀರು ಬೇಕಾಗಲ್ಲ ಯಜಮಾನ್ರೇ."

"ಪುಣ್ಯವಂತ ಕಣಪ್ಪ ನೀನು" ಎಂದರು. ನಾನು ಅದನ್ನು ಒಪ್ಪಿಗೆಯ ಮೊದಲ ಮೆಟ್ಟಿಲೆಂದು ತಿಳಿದು ಇನ್ನೆರಡು ಹೊಲ ಹಾಕಿದೆ.

ಅಷ್ಟರಲ್ಲಿ ನರಸೀಪುರದ ಯುವಕನ ಕುದುರೆಗಳು ಬಂದವು. ಸಂತೆ ಹೊತ್ತಿಕೊಂಡಿತು, ಮನೆಗಳು ಹೊತ್ತಿಕೊಂಡವು. ತಾಳ್ಮೆಯೂ ವರನಿಗೊಂದು ಭೂಷಣವಲ್ಲವೇ? ಮುಗುಳ್ನಗುತ್ತಾ ಕೈಕಟ್ಟಿ ಕೂತೆ. ಶಿವಮಲ್ಲು ಆಟ ನಿಲ್ಲಿಸಿ ನನ್ನ ಹಣೆ ಮುಟ್ಟಿ ನೋಡಿದ. ಹಿರಿಯರಿಗಂತೂ ತಡೆಯಲಾಗಲಿಲ್ಲ.

"ಅಯ್ಯೋ, ಊರ್ಗೇ ಬೆಂಕಿ ಬಿದ್ದದ ಕಣಪ್ಪ! ಹಲ್ ಬಿಟ್ಕಂಡ್ ಕೂತಿದ್ದೀಯಲ್ಲ, ಎದ್ದು ಏನಾರ ಮಾಡು!"

"ಹೋಗ್ಲಿ ಬಿಡಿ ಯಜಮಾನ್ರೇ, ಎಲ್ಲಾ ನಮ್ಮೋರೇ" ಎಂದೆ.

ಅವರು ನನ್ನನ್ನು ಬಹಳ ಕನಿಕರದಿಂದ ನೋಡಿ, ಹೊರಗೆ ಹಾರನ್ ಕೇಳಿದ್ದೇ ಎದ್ದರು. "ನಮ್ಮೂರ್ ಅದಿನಾರ್ ಬಸ್ ಬತ್ತು. ಇಲ್ಲಿ ಪ್ಯಾನ್ ಗಾಳಿ ಚೆಂದಾಗದೆ ಅಂತ ಕೂತಿದ್ದೆ, ಬತ್ತೀನಿ" ಎಂದು ಟವೆಲು ಕೊಡವಿಕೊಂಡು ಹೊರಟರು. ಹದಿನಾರು ಎಂಬ ಊರಿಗೂ ಸೋಸಲೆಗೂ ಏನು ಸಂಬಂಧವೆಂದು ನಾನು ಯೋಚಿಸುತ್ತಿರುವಾಗಲೇ, ಗೆದ್ದ ಯುವಕ ಬಂದು ನನ್ನ ಕೈಕುಲುಕಿದ. ಕೆಲಸ ಪರ್ಮನೆಂಟಾ, ಶಿಫ್ಟು ಯಾವುದು, ಮನೆ ಸ್ವಂತದ್ದಾ ಎಂದು ವಿನಯದಿಂದ ಕೇಳಿ ತಿಳಿದುಕೊಂಡು ಹೊರಟುಹೋದ.

"ಆಟ ಆಡಕ್ ಬಂದೋನು ನಿನ್ ಮನೆ ವಿಚಾರ ಯಾಕ್ಲಾ ಕೇಳ್ದ?" ಎಂದ ಶಿವಮಲ್ಲು. ಉತ್ತರ ಹೊಳೆದು ನಾನು ಬಾಗಿಲಿಗೆ ಓಡುವಷ್ಟರಲ್ಲಿ ನರಸೀಪುರದ ಬಸ್ಸು ಹೊರಟಾಗಿತ್ತು.

ಅವನು ರೇವತಿಯ ಅಣ್ಣ ಮಹೇಶ. "ಊರ್ಗೆ ಬೆಂಕಿ ಇಟ್ರೂ ನಗ್ತಾನೆ. ಒಂದೋ ಭಾರೀ ದೊಡ್ ಮನ್ಸ, ಇಲ್ಲ ತಲೇಲಿ ಏನೋ ಸರಿಯಿಲ್ಲ" ಎಂದು ಮನೆಯಲ್ಲಿ ವರದಿ ಒಪ್ಪಿಸಿದನಂತೆ. ಎರಡರಲ್ಲಿ ಯಾವುದೆಂದು ತೀರ್ಮಾನಿಸಲಾಗದೆ, ಕಣ್ಣಾರೆ ನೋಡಿಯೇ ಬಿಡೋಣವೆಂದು ನಮಗೆ ಹೇಳಿ ಕಳಿಸಿದರು. ಹೀಗೆ ನಾನು ಅವ್ವನ ಜೊತೆ ಸೋಸಲೆಯ ಅವರ ಪಡಸಾಲೆಯಲ್ಲಿ, ಉಪ್ಪಿಟ್ಟಿನ ತಟ್ಟೆ ಹಿಡಿದು, ವಿಚಾರಣೆಗೆ ಬಂದ ಆಸಾಮಿಯ ಹಾಗೆ ಕೂತೆ.

ಅವರ ಮನೆಯ ಹಿರಿಯರೊಬ್ಬರು, "ಹುಡ್ಗೀನ ಏನಾರ ಕೇಳೋದಿದ್ರೆ ಕೇಳ್ಬುಡಪ್ಪ" ಎಂದರು. ನಾನು ಉಪ್ಪಿಟ್ಟನ್ನೇ ನೋಡುತ್ತಿದ್ದೆ. ಕೇಳಿದ್ದು ರೇವತಿ.

"ನಮ್ಮಣ್ಣ ನುಗ್ಗಿ ಬಂದಾಗ ಒಂದ್ ಗೋಡೆನಾದ್ರೂ ಯಾಕ್ ಕಟ್ಲಿಲ್ಲ?"

ಶಾಂತಿ, ಅಹಿಂಸೆ ಎಂದು ಏನಾದರೂ ಹೇಳಬಹುದಿತ್ತು. ಆದರೆ ಅವಳು ಕೇಳಿದ ರೀತಿಗೆ ಸುಳ್ಳು ನಾಲಿಗೆಗೆ ಬರಲಿಲ್ಲ.

"ಹಿಂದೆ ಕೂತಿದ್ದೋರು ನಿಮ್ಮ ಕಡೆಯೋರು ಅಂದ್ಕೊಂಡೆ" ಎಂದೆ.

ಮಹೇಶ ನಕ್ಕ ರಭಸಕ್ಕೆ ಕಾಫಿ ಅಂಗಿಯ ಮೇಲೆ ಚೆಲ್ಲಿತು. ಅವನ ಹಿಂದೆ ಇಡೀ ಮನೆ ನಕ್ಕಿತು. ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ರೇವತಿ ಮಾತ್ರ ಕೇಳುತ್ತಲೇ ಇದ್ದಳು.

"ಹಂಗಾದ್ರೆ ನೀವು ಯಾವಾಗ್ಲೂ ಹಿಂಗ್ ಸೋಲಲ್ವಾ?"

"ಇಲ್ಲ. ಯಾವಾಗ್ಲೂ ಬರೀ ಸೈನ್ಯ ಕಟ್ಟಿ, ಅನ್ನ ಇಲ್ದೆ ಸೋಲ್ತೀನಿ."

ಅವಳು ಖಾಲಿ ಲೋಟಗಳನ್ನು ತಟ್ಟೆಗೆ ಜೋಡಿಸಿಕೊಳ್ಳುತ್ತಾ, ಸಂತೆಯಲ್ಲಿ ಕೊನೆಗೆ ಉಳಿದ ಬದನೆಕಾಯಿಯನ್ನು ಒಪ್ಪಿಕೊಳ್ಳುವವರ ದನಿಯಲ್ಲಿ ತನ್ನ ತಂದೆಗೆ ಹೇಳಿದಳು:

"ಆಗ್ಬೋದು ಅಪ್ಪ. ಎರಡೂ ಥರ ಸೋತವ್ರೆ. ಇನ್ಮೇಲೆ ನನ್ನ ಕೇಳಿ ಕಟ್ತಾರೆ."