ಥಾರ್ನ್‌ಲಿ ಎಂಬ ಹೆಸರು ಯಾರ ಭಿಕ್ಷೆಯೂ ಅಲ್ಲ

ಬೆಳಗಿನ ಐದೂವರೆ. ಕಂಟೆಂಟ್ ಗ್ಯಾಪ್ ಗುಡ್ಡದ ಸ್ಮಶಾನದಲ್ಲಿ ಐಯೋನಿ ಥಾರ್ನ್‌ಲಿ ಹೊಸ ಗೋರಿಯೊಂದರ ಮುಂದೆ ಮಂಡಿಯೂರಿ ಕೂತಿದ್ದಾರೆ. ಕೈಯಲ್ಲಿ ಉದ್ದನೆಯ ಮೊಳೆ. ಸಿಮೆಂಟು ಅರೆಬರೆ ಗಟ್ಟಿಯಾಗಿದೆ. ಇನ್ನರ್ಧ ಗಂಟೆ ತಡವಾದರೆ ಅಕ್ಷರ ಇಳಿಯುವುದಿಲ್ಲ. ಪಕ್ಕದ ಲೋಟದಲ್ಲಿ ಕಾಡುಹಾಗಲದ ಕಷಾಯ ಆರುತ್ತಿದೆ. ಮಾತಾಡಿಸಲು ಹೋದರೆ, "ತಡ್ಕೊಳ್ಳಪ್ಪಾ. ಸತ್ತೋರು ಕಾಯ್ತಾರೆ, ಸಿಮೆಂಟು ಕಾಯಲ್ಲ" ಎಂದು ಗದರುತ್ತಾರೆ.

ವಯಸ್ಸು ಅರವತ್ತನಾಲ್ಕು. ಮೂವತ್ತೆಂಟು ವರ್ಷಗಳಲ್ಲಿ ನಾನೂರಕ್ಕೂ ಹೆಚ್ಚು ಗೋರಿಗಳ ಮೇಲೆ ಹೆಸರು ಕೊರೆದಿದ್ದಾರೆ, ಅದರಲ್ಲಿ ಅರ್ಧ ಥಾರ್ನ್‌ಲಿಗಳವೇ. ಜಮೈಕಾದ ನಮ್ಮ ಕಡೆ ಹೂಳಿದ ಮೇಲೆ ಮಣ್ಣು ಕೂರಲೆಂದು ವರ್ಷ ಕಾದು ಗೋರಿ ಕಟ್ಟುತ್ತೇವೆ. ಐಯೋನಿಯ ಅಪ್ಪ ಗಾರೆ ಕೆಲಸದವರು, ಅಕ್ಷರ ಬಾರದು. ಅವರು ಕಟ್ಟಿದ ಗೋರಿಗೆ ಮಗಳು ಬರೆಯಲು ಕೂತರೆ, ಗುಂಡಿ ತೋಡುವ ಗಂಡಸರು ರಮ್ ಬಾಟಲಿ ಹಿಡಿದು ನಗುತ್ತಿದ್ದರಂತೆ. "ಮನೆತನದ ಹೆಸ್ರು ನಮಗೆ ಬೇಕಾಗೋದು ಮೂರೇ ಕಡೆ. ಶಾಲೆ, ಕೋರ್ಟು, ಗೋರಿ. ಉಳಿದಂತೆ ಎಲ್ಲರಿಗೂ ಕರೆಯೋ ಹೆಸ್ರೇ. ನಗ್ತಿದ್ದೋರಿಗೂ ಕೊನೆಗೆ ನಾನೇ ಬರೆದೆ" ಎನ್ನುತ್ತಾರೆ ಐಯೋನಿ.

ಗುಡ್ಡದ ಕೆಳಗೆ ಥಾರ್ನ್‌ಲಿ ಎಂಬ ಹಳೆಯ ಕಬ್ಬಿನ ತೋಟದ ಬಂಗಲೆಯಿದೆ. ಈಗ ಅದು ಹೋಟೆಲು. ಅದರ ಬೋರ್ಡುಗಳನ್ನೆಲ್ಲ ಹನ್ನೆರಡು ವರ್ಷಗಳಿಂದ ಬರೆಯುತ್ತಿದ್ದವರು ಐಯೋನಿಯೇ. ಅವರಿಗಿದ್ದ ಕಾಯಂ ಕೆಲಸ ಅದೊಂದೇ. ಕಳೆದ ಜೂನ್‌ನಲ್ಲಿ ಮ್ಯಾನೇಜರ್ ಕರೆಸಿ, ಗುಲಾಮಗಿರಿ ಕೊನೆಗೊಂಡ ನೆನಪಿನ ಆಗಸ್ಟ್ ಒಂದರ ಬಿಡುಗಡೆಯ ಹಬ್ಬಕ್ಕೆ ಗೇಟಿನ ಬಳಿ ಹೊಸ ಫಲಕ ಬೇಕೆಂದು ಚೀಟಿ ಕೊಟ್ಟರು. ಅದರಲ್ಲಿದ್ದದ್ದು ಇದು: ಥಾರ್ನ್‌ಲಿ ಎಂದರೆ ಮುಳ್ಳುಪೊದೆ ಕಡಿದು ತೆರವು ಮಾಡಿದ ಜಾಗ. ಉತ್ತರ ಇಂಗ್ಲೆಂಡಿನಲ್ಲಿ ಮೊದಲು ಊರಿಗೆ ಆ ಹೆಸರು ಬಂತು, ಆಮೇಲೆ ಊರವರಿಗೆ. ಆ ವಂಶದ ಕ್ಯಾಪ್ಟನ್ ಒಬ್ಬರು ಇಲ್ಲಿ ಬಂದು ಕಬ್ಬು ಬೆಳೆಸಿದರು. ಇಷ್ಟರವರೆಗೆ ಸರಿಯೇ. ಕೊನೆಯ ಸಾಲು ಹೀಗಿತ್ತು: 'ಬಿಡುಗಡೆಯಾದ ಕೆಲಸಗಾರರಿಗೆ ಕ್ಯಾಪ್ಟನ್ ತಮ್ಮ ಮನೆತನದ ಹೆಸರನ್ನೇ ಕೃಪೆಯಿಂದ ದಯಪಾಲಿಸಿದರು.'

ಕೆಲಸಗಾರರಂತೆ! ಕೃಪೆಯಂತೆ! ಬೆನ್ನಿಗೆ ಚಾಟಿ ಬೀಸಿದವನು, ಹಾಲು ಕುಡಿಯುವ ಕೂಸುಗಳನ್ನು ಕಿತ್ತು ಮಾರಿದವನು ಈಗ ದಾನಶೂರ. ಇಲ್ಲಿ ಮುಳ್ಳು ಕಡಿದವರು ಯಾರೆಂದು ಮಾತ್ರ ಚೀಟಿಯಲ್ಲಿಲ್ಲ. ಗಾಯದ ಮೇಲೆ ಬರೆ ಎಳೆಯುವುದೆಂದರೆ ಇದೇ.

ಹೆಸರು ಹೇಗೆ ಬಂತೆಂಬುದು ಐಯೋನಿಯ ಮನೆಯಲ್ಲಿ ಅಜ್ಜಿಯಿಂದ ಮೊಮ್ಮಗಳಿಗೆ ದಾಟಿ ಬಂದ ಸಂಗತಿ. ಮೂಲದ ಅಜ್ಜಿ ಜೂಬಾ. ಆಕೆಯ ಮೂರು ಮಕ್ಕಳನ್ನು ಕ್ಯಾಪ್ಟನ್ ಬೇರೆ ಬೇರೆ ತೋಟಗಳಿಗೆ ಮಾರಿದ್ದ. 1838ರಲ್ಲಿ ಬಿಡುಗಡೆಯಾದಾಗ ಪಾದ್ರಿ ದಾಖಲೆಗೆ ಮನೆತನದ ಹೆಸರು ಕೇಳಿದರು. ಹಲವರು ಪಾದ್ರಿಯ ಹೆಸರನ್ನೇ ತೆಗೆದುಕೊಂಡರು. ಜೂಬಾ, ತಾನು ಉಗಿಯುತ್ತಿದ್ದ ಹೆಸರನ್ನೇ ಬರೆಸಿದಳು.

"ಯಾಕೆ ಗೊತ್ತಾ?" ಐಯೋನಿಯ ದನಿ ಏರುತ್ತದೆ. "ನಮ್ಮವ್ವ ಥಾರ್ನ್‌ಲಿ ತೋಟದವಳು ಅಂತ, ಆ ಮಕ್ಕಳಿಗೆ ಗೊತ್ತಿದ್ದಿದ್ದು ಅಷ್ಟೇ. ಹುಡುಕ್ಕೊಂಡು ಬಂದ್ರೆ ಆ ಹೆಸ್ರು ಹಿಡಿದೇ ಕೇಳ್ಬೇಕು. ಅದಕ್ಕೇ ಇಟ್ಕೊಂಡ್ಳು. ಅವನು ಕೊಟ್ಟಿದ್ದಲ್ಲ ಕಣಪ್ಪಾ, ಇವಳು ತಗೊಂಡಿದ್ದು!"

ಇಬ್ಬರು ಗಂಡುಮಕ್ಕಳು ಬಂದರು. ಒಬ್ಬ ಹನ್ನೊಂದು ವರ್ಷದ ಮೇಲೆ, ಬೆಟ್ಟ ದಾಟಿ, ಬರಿಗಾಲಲ್ಲಿ. ಕಿರಿಯವಳು ಬರಲೇ ಇಲ್ಲ.

ಐಯೋನಿ ಫಲಕವನ್ನೆಲ್ಲ ಬರೆದು ಕೊನೆಯ ಸಾಲು ಬಿಟ್ಟರು.

"ಒಂದು ಸಾಲು ತಾನೇ ಮಿಸ್ ಐಯೋನಿ, ಬರೆದ್ಬಿಡಿ" ಎಂದರು ಮ್ಯಾನೇಜರ್.

"ಒಂದೇ ಸಾಲು ತಾನೇ ಸಾರ್, ನೀವೇ ಹೊಡೆದುಹಾಕ್ಬಿಡಿ."

"ಬರೋ ಅತಿಥಿಗಳಿಗೆ ಚೆಂದ ಕಾಣ್ಬೇಕಲ್ಲಮ್ಮಾ."

"ಚೆಂದ ಬೇಕಿದ್ರೆ ಸುತ್ತ ಹೂವಿನ ಬಳ್ಳಿ ಬರ್ಕೊಡ್ತೀನಿ. ಸುಳ್ಳು ಬರಿಯಲ್ಲ."

ಮರುದಿನದಿಂದ ಕೆಲಸವಿಲ್ಲ. ಪೇಟೆಯಿಂದ ಅಚ್ಚು ಹಾಕಿಸಿದ ಫಲಕ ಬಂತು, ಆ ಸಾಲಿನ ಸಮೇತ. ಇವತ್ತಿಗೂ ಗೇಟಿನಲ್ಲಿ ನಿಂತಿದೆ. ಹಬ್ಬದ ದಿನ ನಮ್ಮೂರ ಶಾಲೆಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಅದನ್ನು ಗಟ್ಟಿಯಾಗಿ ಓದಿಸಿದರು. ಓದಿದವರಲ್ಲಿ ಒಂಬತ್ತು ಮಂದಿ ಥಾರ್ನ್‌ಲಿಗಳು. ನಾವು ದೊಡ್ಡವರು ಚಪ್ಪಾಳೆ ತಟ್ಟಿದೆವು, ನಾನೂ ತಟ್ಟಿದೆ. ಆ ನಾಚಿಕೆ ಇನ್ನೂ ಹೋಗಿಲ್ಲ. "ಹೊಟ್ಟೆಗಿಂತ ಹೆಸ್ರು ದೊಡ್ಡದಾ ನಿಂಗೆ?" ಎಂದು ನೆರೆಮನೆಯವರು ಇಂದಿಗೂ ಐಯೋನಿಯನ್ನು ಚುಚ್ಚುತ್ತಾರೆ.

ಜೂಬಾಳನ್ನು ಹೂಳಿದಲ್ಲಿ ಇಷ್ಟು ಕಾಲ ಒಂದು ಕ್ರೋಟನ್ ಗಿಡವಷ್ಟೇ ಗುರುತಾಗಿತ್ತು. ಅಲ್ಲಿ ಈ ವರ್ಷ ಐಯೋನಿ ತಾವೇ ಗೋರಿ ಕಟ್ಟಿದ್ದಾರೆ, ರಸ್ತೆಗೆ ಮುಖ ಮಾಡಿ. ಇವತ್ತು ಬೆಳಿಗ್ಗೆ ಕೊರೆದದ್ದು ಅದರ ಮೇಲೇ, ಗೇಣುದ್ದದ ಅಕ್ಷರಗಳು: 'ಜೂಬಾ ಥಾರ್ನ್‌ಲಿ. ಮೂರು ಮಕ್ಕಳ ತಾಯಿ. ಇಲ್ಲೇ ಇದ್ದೇನೆ.'

ಇಷ್ಟು ದೊಡ್ಡ ಅಕ್ಷರ ಯಾಕೆಂದು ಕೇಳಿದೆ. ಮೊಳೆಯನ್ನು ಲಂಗಕ್ಕೆ ಒರೆಸಿಕೊಂಡು ಹೇಳಿದರು:

"ಕಿರಿಯವಳ ಕಡೆಯೋರು ಯಾರಾದ್ರೂ ಬಂದ್ರೆ ರಸ್ತೆಯಿಂದ್ಲೇ ಕಾಣ್ಲಿ ಅಂತ."