ಯಾರೂ ಮಾತಾಡಿಸದ ಹುಡುಗಿ

ನನ್ನ ಕೆಲಸ ಏನೆಂದು ಶೆಟ್ಟಿಹಳ್ಳಿಯ ನಮ್ಮ ಬೀದಿಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಅಮ್ಮ ಕೇಳಿದವರಿಗೆಲ್ಲ ಫೋನ್ ಎತ್ತುವ ಕೆಲಸ ಎಂದು ಹೇಳಿಬಿಡುತ್ತಿದ್ದಳು. ಅದು ಪೂರ್ತಿ ಸುಳ್ಳೂ ಅಲ್ಲ. ಎರಡು ಸಾವಿರದ ಇಸವಿ ದಾಟಿದ ಹೊಸತು. ತುಮಕೂರಿನ ಶಿರಾ ಗೇಟ್ ಹತ್ತಿರ, ಬ್ಯಾಟರಿ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ನಮ್ಮ ಸಂಸ್ಥೆಯ ಆಫೀಸಿತ್ತು. ಯಾವುದೋ ಮಗುವಿಗೆ ತೊಂದರೆಯಾಗುತ್ತಿದೆ ಎಂದು ಯಾರಾದರೂ ಫೋನ್ ಮಾಡಿದರೆ ಮೊದಲು ಕೇಳಿಸಿಕೊಳ್ಳುವವಳು ನಾನು. ಇದು ಪೊಲೀಸರಿಗೆ ಹೋಗಬೇಕಾದದ್ದೇ, ಜಿಲ್ಲೆಯ ಮಕ್ಕಳ ಸಮಿತಿಯ ಮುಂದಿಡಬೇಕಾದದ್ದೇ, ನಾವೇ ಹೋಗಿ ಮಾತಾಡಿದರೆ ಸಾಕೇ ಎಂದು ವಿಂಗಡಿಸಿ ಹೇಳುವುದು ನನ್ನ ಪಾಲಿನ ಕೆಲಸ. ಸಮಾಜಕಾರ್ಯದ ಡಿಗ್ರಿ ಮುಗಿಸಿ ಬಂದಿದ್ದೆ. ಕೇಳಬೇಕಾದ ಪ್ರಶ್ನೆಗಳನ್ನು ತರಬೇತಿಯಲ್ಲಿ ಬಾಯಿಪಾಠವಾಗುವಷ್ಟು ಹೇಳಿಕೊಟ್ಟಿದ್ದರು. ಹೊಡೆಯುತ್ತಾರಾ, ಊಟ ಕೊಡುತ್ತಾರಾ, ಕೆಲಸಕ್ಕೆ ಹಾಕಿದ್ದಾರಾ, ಸ್ಕೂಲಿಗೆ ಹೋಗುತ್ತದಾ.

ಒಂದು ಮಧ್ಯಾಹ್ನ ಕಾಯಿನ್ ಬಾಕ್ಸಿನಿಂದ ಒಂದು ಫೋನ್ ಬಂತು. ವಯಸ್ಸಾದ ಹೆಂಗಸಿನ ದನಿ. ಗುಬ್ಬಿಯಿಂದ ಎಂದಿತು, ನನ್ನ ಮೊಮ್ಮಗಳು ಎಂದಿತು, ಕಟ್ಟಾಯಿತು. ಮತ್ತೆ ಬಂತು, ಮತ್ತೆ ಕಟ್ಟಾಯಿತು. ಮಾರನೇ ದಿನ ಬೆಳಿಗ್ಗೆ ನಾನು ಆಫೀಸಿಗೆ ಹೋಗುವಷ್ಟರಲ್ಲಿ ಬುರ್ಖಾ ಹಾಕಿಕೊಂಡ ಒಬ್ಬ ಮುದುಕಿ ಬ್ಯಾಟರಿ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದರು. ಫೋನಿನಲ್ಲಿ ಹೇಳಿ ಮುಗಿಯುವ ವಿಷಯ ಅಲ್ಲ, ಅದಕ್ಕೇ ಬಸ್ ಹತ್ತಿ ಬಂದೆ ಎಂದರು. ಬುರ್ಖಾದ ತೋಳಿಗೆ ಅಲ್ಲಲ್ಲಿ ಹತ್ತಿಯ ಎಳೆ ಅಂಟಿತ್ತು. ಗುಬ್ಬಿಯಲ್ಲಿ ಮಗನ ಹಾಸಿಗೆ ಅಂಗಡಿಯಲ್ಲಿ ಕೂತು ಹಾಸಿಗೆ, ದಿಂಬು ಹೊಲಿಯುತ್ತಿದ್ದರಂತೆ.

ಅವರ ಮಗಳನ್ನು ಕುಣಿಗಲ್ಲಿಗೆ ಕೊಟ್ಟಿದ್ದರು. ಅಳಿಯ ಬೈಕ್ ಮೆಕ್ಯಾನಿಕ್. ಮಗಳು ಕಾಮಾಲೆಯಾಗಿ ತೀರಿಕೊಂಡಿದ್ದಳು. ಒಂದು ಹೆಣ್ಣುಮಗು ಉಳಿದಿತ್ತು. ವರ್ಷ ಕಳೆಯುವುದರೊಳಗೆ ಅಳಿಯ ಮತ್ತೆ ಮದುವೆಯಾದ. ಅದಕ್ಕೆ ಮುದುಕಿಯ ತಕರಾರಿರಲಿಲ್ಲ. ಗಂಡಸು ಒಬ್ಬನೇ ಮಗು ಸಾಕುವುದು ಹೇಗೆ ಎಂದು ತಾವೇ ಮುಂದೆ ನಿಂತು ಒಪ್ಪಿಸಿದ್ದರಂತೆ. ಈಗ ಆ ಮಗುವಿಗೆ ಎಂಟು ವರ್ಷ. ಹಿಂದಿನ ತಿಂಗಳು ನೆಂಟರ ಮದುವೆಯಲ್ಲಿ ಸಿಕ್ಕಿದ್ದಳು. ಇಡೀ ದಿನ ಪಕ್ಕದಲ್ಲೇ ಕೂತಿದ್ದರೂ ಒಂದು ಮಾತಾಡಿರಲಿಲ್ಲ.

ನಾನು ನನ್ನ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿದೆ. ಹೊಡೆಯುವುದಿಲ್ಲ. ಊಟಕ್ಕೆ ಕಡಿಮೆಯಿಲ್ಲ. ಬಟ್ಟೆ ಚೆನ್ನಾಗಿರುತ್ತದೆ. ಸ್ಕೂಲಿಗೆ ದಿನಾ ಹೋಗುತ್ತಾಳೆ. ಕೊನೆಗೆ, ಹಾಗಾದರೆ ಅವಳಿಗೆ ಏನು ಮಾಡುತ್ತಾರೆ ಎಂದು ಕೇಳಿದೆ.

"ಏನೂ ಮಾಡಲ್ಲ ಅಮ್ಮಾ. ಅದೇ ಹೇಳ್ತಾ ಇರೋದು. ಆ ಮನೇಲಿ ಯಾರೂ ಅದನ್ನ ಮಾತಾಡ್ಸಲ್ಲ."

ನಮ್ಮ ಆಫೀಸಿನ ಮುಖ್ಯಸ್ಥರು ರಿಟೈರಾದ ಮೇಷ್ಟ್ರು, ಮೃದು ಮನುಷ್ಯ. ಎಲ್ಲವನ್ನೂ ಕೇಳಿ ತುಂಬ ಹೊತ್ತು ಕನ್ನಡಕ ಒರೆಸಿದರು. ಇದು ನಮ್ಮ ಲೆಕ್ಕಕ್ಕೆ ಬರುವುದಿಲ್ಲವಮ್ಮ ಎಂದರು. ಆದರೂ ಆ ವಾರ ನನಗೆ ಕುಣಿಗಲ್ಲಿನಲ್ಲಿ ಬೇರೆ ಕೆಲಸವಿತ್ತು, ಹಾಗೇ ಒಂದು ಸಲ ನೋಡಿ ಬಾ ಎಂದು ಕಳಿಸಿದರು.

ಮೊದಲು ಸ್ಕೂಲಿಗೆ ಹೋದೆ. ಟೀಚರ್‌ಗೆ ಆ ಹುಡುಗಿ ಯಾರೆಂದು ನೆನಪಾಗಲು ಸ್ವಲ್ಪ ಹೊತ್ತು ಬೇಕಾಯಿತು. ನೆನಪಾದ ಮೇಲೆ ಮುಖ ಅರಳಿತು. ಗಲಾಟೆ ಮಾಡುವುದಿಲ್ಲ, ಹೋಂವರ್ಕ್ ತಪ್ಪಿಸುವುದಿಲ್ಲ, ಇಂಥ ಮಕ್ಕಳೇ ತುಂಬಿದ್ದರೆ ನಮಗೆ ತಲೆನೋವೇ ಇರುವುದಿಲ್ಲ ಎಂದರು. ಕ್ಲಾಸಿನಲ್ಲಿ ಗಟ್ಟಿಯಾಗಿ ಓದುತ್ತಾಳಾ ಎಂದೆ. ಎಲ್ಲ ಮಕ್ಕಳೂ ಒಟ್ಟಿಗೇ ಓದುತ್ತಾರಲ್ಲ ಮೇಡಂ ಎಂದರು.

ಮನೆ ಗ್ಯಾರೇಜಿನ ಹಿಂದೆಯೇ ಇತ್ತು. ಗುಡಿಸಿ ಒರೆಸಿದ ಪುಟ್ಟ ಮನೆ. ಚಿಕ್ಕಮ್ಮ ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗಿ, ಸೊಂಟದ ಮೇಲೆ ಕೂಸು. ನಾನು ಬಂದ ಕಾರಣ ತಿಳಿದು ಹೆದರಿದಳು. ಟೀ ಮಾಡಿದಳು. ನನ್ನ ಜೊತೆ ಮಾತಾಡುತ್ತ, ಕೂಸನ್ನು ಮುದ್ದಿಸಿ ಮಾತಾಡಿಸುತ್ತ, ಪಕ್ಕದ ಮನೆಯವಳಿಗೆ ಕಿಟಕಿಯಿಂದಲೇ ಉತ್ತರ ಕೊಡುತ್ತ ಓಡಾಡಿದಳು. ಸ್ಕೂಲ್ ಬಿಟ್ಟು ಹುಡುಗಿ ಬಂದಳು. ಬ್ಯಾಗ್ ಮೊಳೆಗೆ ಹಾಕಿ, ಕೈಕಾಲು ತೊಳೆದು, ಗೋಡೆ ಪಕ್ಕ ಕೂತಳು. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ, ಇಸ್ತ್ರಿ ಮಾಡಿದ ಯೂನಿಫಾರಂ. ಚಿಕ್ಕಮ್ಮ ಅವಳ ಮುಂದೆ ಚಪಾತಿ, ಪಲ್ಯದ ತಟ್ಟೆ ಇಟ್ಟಳು. ಮಾತಾಡಲಿಲ್ಲ. ಹುಡುಗಿ ತಿಂದು ತಟ್ಟೆ ತೊಳೆದಿಟ್ಟಳು. ಗ್ಯಾರೇಜಿನಿಂದ ಅಪ್ಪ ಬಂದ, ಕೂಸನ್ನು ಎತ್ತಿಕೊಂಡ, ಹೆಂಡತಿಯನ್ನು ನೀರು ಕೇಳಿದ, ನನಗೆ ಸಲಾಂ ಹೇಳಿದ. ನಾನು ಅಲ್ಲಿದ್ದಷ್ಟು ಹೊತ್ತು ಆ ಮಗುವಿನ ಹೆಸರನ್ನು ಯಾರೂ ಕರೆಯಲಿಲ್ಲ. ಬೈಯುವುದಕ್ಕಾದರೂ ಕರೆಯಲಿಲ್ಲ.

ನಾನು ಅವಳ ಪಕ್ಕ ಹೋಗಿ ಕೂತೆ. ನಿನ್ನನ್ನೇ ನೋಡಲು ಬಂದಿದ್ದೇನೆ ಎಂದೆ. ಅವಳು ತಿರುಗಿ ತನ್ನ ಹಿಂದೆ ಯಾರಿದ್ದಾರೆ ಎಂದು ನೋಡಿದಳು. ಹಿಂದೆ ಗೋಡೆಯಿತ್ತು.

ಚಿಕ್ಕಮ್ಮನನ್ನು ಬೇರೆಯಾಗಿ ಕೇಳಿದಾಗ ಕಣ್ಣಲ್ಲಿ ನೀರು ತಂದುಕೊಂಡಳು. ತಾನು ಬರುವ ಹೊತ್ತಿಗೇ ಅವಳು ಹೀಗಿದ್ದಳು, ಮೊದಮೊದಲು ಕರೆದು ಕರೆದು ಸಾಕಾಯಿತು, ಉತ್ತರವೇ ಬರದಿದ್ದರೆ ಎಷ್ಟು ದಿನ ಕರೆಯುವುದು ಎಂದಳು. ಆ ಮಾತಿನಲ್ಲಿ ನನಗೆ ಸುಳ್ಳು ಕಾಣಲಿಲ್ಲ.

ಅಪ್ಪನ ಜೊತೆ ಗ್ಯಾರೇಜಿನಲ್ಲಿ ನಿಂತು ಮಾತಾಡಿದೆ. ಅವನು ಮೊದಲು ಸಿಟ್ಟಾದ. ಏನು ಕಮ್ಮಿ ಮಾಡಿದ್ದೇನೆ ಹೇಳಿ ಎಂದ. ಅವನು ಹೇಳಿದ್ದೆಲ್ಲ ನಿಜವೇ ಆಗಿತ್ತು. ಅವಳ ಜೊತೆ ಕೊನೆಯ ಸಲ ಮಾತಾಡಿದ್ದು ಯಾವಾಗ ಎಂದು ಕೇಳಿದೆ. ಅವನು ಕೈಯಲ್ಲಿದ್ದ ಸ್ಪ್ಯಾನರನ್ನು ಬಟ್ಟೆಯಲ್ಲಿ ಒರೆಸಿದ, ಇನ್ನೊಂದನ್ನೂ ತೆಗೆದು ಒರೆಸಿದ.

"ಅವ್ಳ ವಾಯ್ಸು ಅವ್ರಮ್ಮಂದೇ ಮೇಡಂ," ಎಂದ. "ಅವ್ರಮ್ಮ ಹೋಗಿ ಹದಿನೈದು ದಿನ ಆಗಿತ್ತು. ಇದು ಅಡಿಗೆಮನೆಯಿಂದ ಏನೋ ಕೂಗ್ತು. ಅವ್ಳೇ ಕೂಗ್ದಂಗಾಯ್ತು ನಂಗೆ. ಇನ್ಮೇಲೆ ಬಾಯ್ ಬಿಡಬೇಡ ಅಂತ ಕಿರುಚ್ಬಿಟ್ಟೆ. ಅವತ್ತಿಂದ ಬಿಟ್ಟಿಲ್ಲ."

ಆಮೇಲೆ ಕರೆಯಲಿಲ್ಲವಾ ಎಂದೆ. ಕರೆಯಬೇಕು ಅಂತಲೇ ಇರುತ್ತೇನೆ, ಬೆಳಿಗ್ಗೆ ಅವಳ ಮುಖ ನೋಡಿದರೆ ಆಗುವುದಿಲ್ಲ ಎಂದ. ಗಿರಾಕಿಯೊಬ್ಬ ಗಾಡಿ ತಂದು ನಿಲ್ಲಿಸಿದ. ಅವನು ಬಗ್ಗಿ ಚೈನ್ ನೋಡತೊಡಗಿದ.

ಕುಣಿಗಲ್ಲಿನಿಂದ ವಾಪಸ್ ಬರುವ ಬಸ್ಸಿನಲ್ಲಿ ನನಗೆ ಯಾರ ಮೇಲಾದರೂ ಸಿಟ್ಟು ಮಾಡಿಕೊಳ್ಳಬೇಕು ಅನ್ನಿಸುತ್ತಿತ್ತು. ಸಿಟ್ಟಿಗೆ ಯಾರೂ ಸಿಗಲಿಲ್ಲ. ಹೊಡೆಯುವ ಅಪ್ಪಂದಿರನ್ನು, ಮಗುವನ್ನು ಮನೆಗೆಲಸಕ್ಕೆ ಬಿಟ್ಟವರನ್ನು ನೋಡಿದ್ದೆ. ಅಲ್ಲಿ ಏನು ಮಾಡಬೇಕೆಂದು ಗೊತ್ತಿರುತ್ತಿತ್ತು. ಇಲ್ಲಿ ಗೊತ್ತಿರಲಿಲ್ಲ.

ಮೊಮ್ಮಗಳನ್ನು ನನಗೆ ಕೊಡಿಸಿ ಎನ್ನುವುದು ಅಜ್ಜಿಯ ಬೇಡಿಕೆ. ನಮಗೆ ಪರಿಚಯದ ವಕೀಲರೊಬ್ಬರು, ಮುಸ್ಲಿಮರ ಕಾನೂನಿನಲ್ಲಿ ಇಷ್ಟು ಚಿಕ್ಕ ಹೆಣ್ಣುಮಗುವಿನ ಮೇಲೆ ತಾಯಿಯ ತಾಯಿಗೆ ಹಕ್ಕಿದೆ, ಕೋರ್ಟಿಗೆ ಹಾಕಬಹುದು ಎಂದರು. ಅಜ್ಜಿಗೆ ಹೇಳಿದೆ. ಅವರು ಬೇಡ ಎಂದು ತಲೆಯಾಡಿಸಿದರು. ಅವರಿದ್ದದ್ದು ಮಗನ ಮನೆಯಲ್ಲಿ. ಮಗನಿಗೂ ಮದುವೆಗೆ ಬಂದ ಹೆಣ್ಣುಮಕ್ಕಳಿದ್ದರು. ನೆಂಟರ ಮೇಲೆ ಕೇಸ್ ಹಾಕಿದ ಮನೆ ಎಂದಾದರೆ ಸಂಬಂಧ ಬರುವುದಿಲ್ಲ ಎಂದು ಮಗ ಒಪ್ಪಲಿಲ್ಲ. ಕೇಸ್ ಹಾಕಿದ ಮೇಲೆ ಅಳಿಯ ಮಗುವಿನ ಮುಖವನ್ನೂ ತೋರಿಸುವುದಿಲ್ಲ ಎಂಬ ಭಯ ಅಜ್ಜಿಗೆ.

ನಮ್ಮ ಮೇಷ್ಟ್ರು ಎರಡೂ ಕಡೆಯವರನ್ನು ಆಫೀಸಿಗೆ ಕರೆಸಿದರು. ಅಳಿಯ ತನ್ನ ಅಣ್ಣನ ಜೊತೆ ಬಂದ. ಮಗಳನ್ನು ಪೂರ್ತಿ ಕಳಿಸಿಕೊಡಲು ಅವನು ಒಪ್ಪಲಿಲ್ಲ. ಎರಡನೇ ಹೆಂಡತಿ ಬಂದ ಮೇಲೆ ಮೊದಲನೆಯವಳ ಮಗುವನ್ನು ಓಡಿಸಿದ ಎಂದು ಜನ ಆಡಿಕೊಳ್ಳುತ್ತಾರೆ ಎಂದ. ಕೊನೆಗೆ ಬೇಸಿಗೆ ರಜಕ್ಕೆ ಕಳಿಸುವುದು ಎಂದಾಯಿತು. ಅಷ್ಟಕ್ಕೇ ಅಜ್ಜಿ ಅವನ ಕೈ ಹಿಡಿದು ಕಣ್ಣಿಗೊತ್ತಿಕೊಂಡರು.

ಆ ಮೇ ತಿಂಗಳಲ್ಲಿ ನಾನು ಗುಬ್ಬಿಗೆ ಹೋದೆ. ಅಂಗಡಿಯಲ್ಲಿ ಹತ್ತಿ ರಾಶಿ ಬಿದ್ದಿತ್ತು. ಹುಡುಗಿ ದಿಂಬಿನ ಚೀಲದೊಳಗೆ ಹತ್ತಿ ತುಂಬುತ್ತಿದ್ದಳು, ತಲೆಯ ಮೇಲೆಲ್ಲ ಹತ್ತಿ. ಅಜ್ಜಿ ಹೊಲಿಯುತ್ತ ಒಂದೇ ಸಮನೆ ಮಾತಾಡುತ್ತಿದ್ದರು. ಯಾವುದಕ್ಕೂ ಉತ್ತರಕ್ಕೆ ಕಾಯುತ್ತಿರಲಿಲ್ಲ. ಹುಡುಗಿ ಬಂದ ಮೇಲೆ ಎರಡು ವಾರ ಹೀಗೇ ಮಾತಾಡಿದರಂತೆ. ಆಮೇಲೊಂದು ದಿನ ಅವಳು, ದಾರ ಮುಗೀತು ನಾನಿ ಎಂದು ಅಜ್ಜಿಗೆ ಹೇಳಿದಳಂತೆ. ಅಜ್ಜಿ ಕೇಳಿಸಿಕೊಳ್ಳದವರ ಹಾಗೆ ದಾರದುಂಡೆ ಕೊಟ್ಟು, ಒಳಗೆ ಹೋಗಿ ಅತ್ತು ಬಂದರಂತೆ.

ನಾನು ಹೋದ ದಿನ ಅವಳು ನನ್ನನ್ನು ಗುರುತಿಸಿದಳು. ಅಜ್ಜಿ ಟೀ ತರಲು ಹೋದಾಗ ನನ್ನ ಹತ್ತಿರ ಬಂದು ನಿಂತಳು.

"ಇಲ್ಲೇ ಇರ್ಲಾ?" ಎಂದಳು.

ಸಣ್ಣ ದನಿ, ಸ್ವಲ್ಪ ಒಡಕು. ಸ್ಕೂಲು ಶುರುವಾಗುವತನಕ ಇಲ್ಲೇ ಇರುತ್ತೀಯಲ್ಲ ಎಂದೇನೋ ಹೇಳಿದೆ. ಅವಳು ತಲೆಯಾಡಿಸಿ ಹತ್ತಿ ತುಂಬಲು ಹೋದಳು. ಮತ್ತೆ ಕೇಳಲಿಲ್ಲ.

ವಾಪಸ್ ಬಂದವಳು ಇದನ್ನು ಮಕ್ಕಳ ಸಮಿತಿಯ ಮುಂದೆ ಇಡಲೇಬೇಕು ಎಂದು ಹಟ ಹಿಡಿದೆ. ಮೇಷ್ಟ್ರೂ ಜೊತೆಗೆ ಬಂದರು. ಸಮಿತಿಯವರು ಕೆಟ್ಟವರಲ್ಲ. ಅದೇ ದಿನ ಅವರ ಮುಂದೆ ಬೆನ್ನ ಮೇಲೆ ಸುಟ್ಟ ಗಾಯವಿದ್ದ ಒಂದು ಮಗು ಕೂತಿತ್ತು. ನಮ್ಮ ಸರದಿ ಬಂದಾಗ, ಗಾಯವಿದೆಯಾ, ಹಸಿವಿದೆಯಾ, ಶಾಲೆ ಬಿಟ್ಟಿದೆಯಾ ಎಂದು ಕೇಳಿದರು. ನಾನು ಅಜ್ಜಿಗೆ ಕೇಳಿದ ಪ್ರಶ್ನೆಗಳೇ. ಅಜ್ಜಿ ಕೊಟ್ಟ ಉತ್ತರಗಳನ್ನೇ ಕೊಟ್ಟೆ. ತಂದೆ ಇದ್ದಾನೆ, ಮನೆ ಇದೆ, ಮಗುವನ್ನು ಅಲ್ಲಿಂದ ಕೀಳಲು ಕಾರಣವಿಲ್ಲ, ತಂದೆಗೆ ತಿಳಿವಳಿಕೆ ಹೇಳಿಸಿ ಎಂದರು. ತಿಳಿವಳಿಕೆ ಹೇಳುವ ವೈದ್ಯರು ಬೆಂಗಳೂರಿನಲ್ಲಿದ್ದರು. ಅಳಿಯ ಒಂದು ಸಲ ಬಂದ, ಹೊರಗೆ ಬೆಂಚಿನ ಮೇಲೆ ಕಾದ, ಒಳಗೆ ಹೋಗಿ ಬಂದ, ಗ್ಯಾರೇಜ್ ಮುಚ್ಚಿ ಇಷ್ಟು ದೂರ ಬರಲಾಗುವುದಿಲ್ಲ ಎಂದ.

ಜೂನ್ ಹತ್ತಿರವಾದಾಗ ಅಜ್ಜಿಯ ಫೋನ್ ಬಂತು. ಕಳಿಸದೆ ಇಟ್ಟುಕೊಂಡುಬಿಟ್ಟರೆ ಏನಾಗುತ್ತದೆ ಎಂದು ಕೇಳಿದರು. ಅವನು ಸ್ಟೇಷನ್ನಿಗೆ ಹೋಗಬಹುದು, ಪೊಲೀಸರು ನಿಮ್ಮ ಮಗನ ಅಂಗಡಿಗೆ ಬರಬಹುದು ಎಂದೆ. ನನಗೆ ಗೊತ್ತಿದ್ದ ನಿಜ ಅದೇ.

"ಹಾಗಾದ್ರೆ ಕಳಿಸ್ಲೇಬೇಕಾ ಅಮ್ಮಾ?" ಎಂದರು. ಅಷ್ಟರಲ್ಲಿ ಕಾಸು ಮುಗಿದು ಫೋನ್ ಕಟ್ಟಾಯಿತು. ಮತ್ತೆ ಮಾಡಲಿಲ್ಲ. ಅಪ್ಪನೇ ಬಂದು ಬೈಕಿನಲ್ಲಿ ಕರೆದುಕೊಂಡು ಹೋದನೆಂದು ಆಮೇಲೆ ತಿಳಿಯಿತು.

ಮುಂದಿನ ಬೇಸಿಗೆಗೆ ಅವನು ಕಳಿಸಲಿಲ್ಲ. ಅಷ್ಟರಲ್ಲಿ ಇನ್ನೊಂದು ಕೂಸಾಗಿತ್ತು, ಮನೆಯಲ್ಲಿ ಕೈ ಬೇಕಿತ್ತು. ಆಮೇಲೆ ಗ್ಯಾರೇಜ್ ಮಾರಿ ಹೊಸೂರಿನ ಕಡೆ ಹೋದರು. ಅದು ತಮಿಳುನಾಡು. ನಾನು ಅಲ್ಲಿಯ ಸಮಿತಿಯವರಿಗೆ ಪತ್ರ ಬರೆದೆ, ಫೋನ್ ಮಾಡಿದೆ. ವಿಳಾಸ ಕೊಡಿ ಎಂದರು. ವಿಳಾಸ ಅಜ್ಜಿಗೂ ಗೊತ್ತಿರಲಿಲ್ಲ. ಅವರು ತುಮಕೂರಿಗೆ ಬಂದಾಗೆಲ್ಲ ನಮ್ಮ ಆಫೀಸಿನ ಮೆಟ್ಟಿಲು ಹತ್ತುತ್ತಿದ್ದರು. ಟೀ ತರಿಸುತ್ತಿದ್ದೆ. ಕುಡಿದು, ದುವಾ ಮಾಡಿ ಹೋಗುತ್ತಿದ್ದರು. ಬರುಬರುತ್ತ ಮಂಡಿ ನೋವೆಂದು ಬರುವುದು ನಿಂತಿತು.

ನಾನು ಆ ಕೆಲಸ ಬಿಡುವ ಹಿಂದಿನ ವರ್ಷ ಗುಬ್ಬಿಗೆ ಬೇರೆ ಕೆಲಸಕ್ಕೆ ಹೋದವಳು ಹಾಸಿಗೆ ಅಂಗಡಿಗೆ ಹೋದೆ. ಅಜ್ಜಿ ಇದ್ದರು, ಕಣ್ಣು ಮಂಜಾಗಿತ್ತು. ನೆಂಟರ ಮದುವೆಯೊಂದರಲ್ಲಿ ಮೊಮ್ಮಗಳನ್ನು ನೋಡಿದೆ ಎಂದರು. ಎತ್ತರ ಬೆಳೆದಿದ್ದಾಳೆ, ಥೇಟ್ ನನ್ನ ಮಗಳೇ ಎಂದರು. ಅಲ್ಲಿ ಸೇರಿದ್ದ ಹೆಂಗಸರೆಲ್ಲ ಅವಳನ್ನು ಹೊಗಳಿದರಂತೆ. ಎಷ್ಟು ತಗ್ಗಿ ಬಗ್ಗಿ ನಡೆಯುತ್ತಾಳೆ, ಈ ಕಾಲದಲ್ಲಿ ಇಂಥ ಹುಡುಗಿ ಎಲ್ಲಿ ಸಿಗುತ್ತಾಳೆ ಎಂದು ಆಗಲೇ ಒಂದೆರಡು ಮನೆಯವರು ಸಂಬಂಧ ಕೇಳಿದ್ದಾರಂತೆ.

ನಿಮ್ಮ ಹತ್ತಿರ ಮಾತಾಡಿದಳಾ ಎಂದೆ.

"ಸಲಾಂ ಮಾಡಿದ್ಳು," ಎಂದರು ಅಜ್ಜಿ. "ಕೈಯಲ್ಲಿ."

ಸೂಜಿಗೆ ದಾರ ಪೋಣಿಸಿಕೊಡು ಎಂದು ನನ್ನ ಕಡೆ ಚಾಚಿದರು. ಪೋಣಿಸಿ ಕೊಟ್ಟು, ಬಸ್ಸಿಗೆ ಹೊತ್ತಾಯಿತೆಂದು ಎದ್ದೆ.